ನಮ್ಮ ಹಂಡೆ ವೆಬ್‌ಸೈಟಿಗೆ ಏರಿದ್ದು

ಹಂಡೆ ಕೂಗಿದ್ದು ನಿಜ. ಅದನ್ನು ನಾಲ್ಕು ತಾಲ್ಲೂಕಿಗೆ ಸಾರಿದವಳು ನಾನು. ಉಳಿದದ್ದೆಲ್ಲ ಆದದ್ದು ಅದರಿಂದ. ಇದರಲ್ಲಿ ಹಂಡೆಯ ತಪ್ಪು ಏನೂ ಇಲ್ಲ.

ನಮ್ಮದು ಕಿರಂಗೂರು. ಪಾತ್ರೆ, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಕಸುಬು. ನನ್ನ ಗಂಡ ಶುರು ಮಾಡಿದ್ದು. ಅವರು ಹೋದ ಮೇಲೆ ಮಗ ನಂಜುಂಡ ಟೆಂಪೋ ಓಡಿಸುತ್ತಾನೆ, ಸೊಸೆ ಶೋಭಾ ಅಂಗಡಿ ನೋಡುತ್ತಾಳೆ. ನಾನು ಬಾಗಿಲಲ್ಲಿ ಕೂತು, ಹಿಂದಕ್ಕೆ ಬಂದ ಪಾತ್ರೆಯಲ್ಲಿ ಸೊಟ್ಟಾದದ್ದು ಯಾವುದು, ಕಾಣೆಯಾದ ಸೌಟು ಯಾರ ಮನೆಯಲ್ಲಿ ಉಳಿದಿದೆ ಎಂದು ಹೇಳುತ್ತೇನೆ. ಓದಿದ್ದು ಮೂರನೇ ಕ್ಲಾಸು. ಸೌಟಿಗೆ ಅಷ್ಟು ಸಾಕು.

ಈಗ ಮದುವೆಗಳೆಲ್ಲ ಕಲ್ಯಾಣ ಮಂಟಪದಲ್ಲಿ. ಪಾತ್ರೆಯನ್ನು ಮಂಟಪದವರೇ ಇಟ್ಟಿರುತ್ತಾರೆ. ನಮ್ಮ ಪಾಲಿಗೆ ಉಳಿದದ್ದು ತಿಥಿ, ನಾಮಕರಣ, ಅಪರೂಪಕ್ಕೊಂದು ಗೃಹಪ್ರವೇಶ. ನಂಜುಂಡ ಒಂದು ದಿನ ಮುದ್ದೆ ಮುರಿಯುತ್ತ ಹೇಳಿದ:

"ಈ ಲಗ್ನದ ಸೀಸನ್ನಲ್ಲಿ ಒಂದು ದೊಡ್ಡ ಮದ್ವೆ ಸಿಕ್ದೇ ಓದ್ರೆ ತಾಮ್ರನೆಲ್ಲ ಗುಜರಿಗೆ ಆಕ್ಬುಡ್ತೀನಿ ಕಣವ್ವ. ಅಂಗಡಿ ಮುಚ್ಚಿ, ಟೆಂಪೋನ ಬೆಲ್ಲದ ಮಂಡಿಗೆ ಓಡುಸ್ತೀನಿ."

ಶೋಭಾ ತಟ್ಟೆ ಕೆಳಗಿಟ್ಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ಕುರ್ಚಿ ಹಾಕಿಕೊಂಡು ಕೂತ ಜಾಗ ಅಂಗಡಿಯೊಂದೇ. ಉಳಿದ ಕಡೆಯೆಲ್ಲ ನಿಂತೇ ಇದ್ದಳು.

"ಒಂದು ಸೀಸನ್ ಬುಡಿ. ವೆಬ್‌ಸೈಟ್ ಮಾಡುಸ್ತೀನಿ" ಎಂದಳು.

ಪಾಂಡವಪುರದಲ್ಲಿ ಅವಳ ಸೋದರಮಾವನ ಮಗ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ವೆಬ್‌ಸೈಟು ಕಟ್ಟಿಕೊಟ್ಟ. ಆದರೆ ಒಳಗೆ ಬರೆಯುವುದನ್ನು ನೀವೇ ಬರೆದುಕೊಳ್ಳಿ ಎಂದ. ಮನೆ ಕಟ್ಟಿ, ಒಲೆ ನೀವೇ ಹಾಕಿಕೊಳ್ಳಿ ಎಂದ ಹಾಗೆ. ಶೋಭಾ ಬರೆದು ನನಗೆ ಓದಿ ಹೇಳಿದಳು: "ನಮ್ಮಲ್ಲಿ ಉತ್ತಮ ಗುಣಮಟ್ಟದ ಪಾತ್ರೆಗಳು ಸ್ಪರ್ಧಾತ್ಮಕ ದರದಲ್ಲಿ ದೊರೆಯುತ್ತವೆ."

"ಇದ ಓದೋನು ಅರ್ಧ ದಾರೀಲೇ ಮನೀಕತಾನೆ" ಎಂದೆ.

"ಅಂಗಾರೆ ನೀವೇ ಏಳಿ ಅತ್ತೆ. ಫೋನಲ್ಲಿ ವಿಡಿಯೋ ನೋಡ್ದೆ, ಅದ್ರಲ್ಲಿ ಏಳವ್ರೆ, ಸಾಮಾನಿನ ಗುಣ ಏಳ್ಬೇಡಿ, ಕಥೆ ಏಳಿ ಅಂತ. ಮೊದಲ್ನೇ ಸಾಲಲ್ಲೇ ಓದೋರ್ನ ಇಡ್ಕಬೇಕಂತೆ. ಬ್ಯಾರೆ ಅಂಗಡೀಲಿ ಇಲ್ದಿದ್ದು ನಮ್ಮತ್ರ ಏನೈತೋ ಅದ್ನ ಏಳ್ಬೇಕಂತೆ. ಕೊನೇಲಿ, ಈಗ್ಲೇ ಫೋನ್ ಮಾಡಿ ಅನ್ಬೇಕಂತೆ."

ಇಷ್ಟೇ ತಾನೆ ಎಂದುಕೊಂಡೆ. ನನ್ನ ಮಾತು ಕೇಳುತ್ತ ಎದ್ದು ಹೋದವರು ಇದುವರೆಗೆ ಯಾರೂ ಇಲ್ಲ. ಬಸ್ಸು ತಪ್ಪಿಸಿಕೊಂಡವರು ಇದ್ದಾರೆ.

ಬೇರೆಯವರ ಬಳಿ ಇಲ್ಲದ್ದು ನಮ್ಮ ಬಳಿ ಒಂದಿದೆ. ತಾಮ್ರದ ಹಂಡೆ. ಎತ್ತಲು ನಾಲ್ಕು ಆಳು ಬೇಕು. ಹಿಂದಿನ ಕೊಟ್ಟಿಗೆಯಲ್ಲಿ, ಬಾಯಿ ಮೇಲಾಗಿ, ಒಬ್ಬ ಹೆಂಗಸು ಮಂಡಿ ಊರಿ ಕೂತ ಹಾಗೆ ಇರುತ್ತದೆ. ಅದು ಕೂಗುತ್ತದೆ. ಕೂಗುತ್ತದೆ ಎಂದರೆ ಕಿರುಚುವುದಲ್ಲ. ದೀಪ ಹಚ್ಚುವ ಹೊತ್ತಿಗೆ ಯಾವತ್ತೋ ಒಮ್ಮೆ, ಹೊಟ್ಟೆಯೊಳಗಿಂದ ಒಂದೇ ಸಮನೆ ಗುಂಯ್ ಎಂದು ಬರುತ್ತದೆ, ದೂರದ ಮನೆಯಲ್ಲಿ ಯಾರೋ ರಾಗಿ ಬೀಸಿದ ಹಾಗೆ. ಹಸು ಮೇಯುವುದನ್ನು ನಿಲ್ಲಿಸಿ ಆ ಕಡೆ ನೋಡುತ್ತದೆ. ಮಾರನೆಯ ದಿನ ಯಾವುದಾದರೂ ಊರಿಂದ ಸಾವಿನ ಸುದ್ದಿ ಬರುತ್ತದೆ. ಹಿಂದೆಯೇ ತಿಥಿಗೆ ಹಂಡೆ ಕೇಳಿಕೊಂಡು ತಲೆಗೆ ಟವಲು ಸುತ್ತಿದವನೊಬ್ಬ ಬರುತ್ತಾನೆ. ಸುತ್ತ ಇಷ್ಟೊಂದು ಊರಿವೆ, ಯಾರಾದರೂ ಸಾಯುತ್ತಲೇ ಇರುತ್ತಾರೆ ಎಂದು ನನ್ನ ಗಂಡ ಹೇಳುತ್ತಿದ್ದರು. ಅದೂ ಸರಿಯೇ. ಅವರು ಹೋಗುವ ಹಿಂದಿನ ಸಂಜೆಯೂ ಕೂಗಿತ್ತು. ಅದೂ ಸರಿಯೇ.

ಇದನ್ನೆಲ್ಲ ಹೇಳಿದೆ. ಶೋಭಾ ಫೋನಿನಲ್ಲಿ ಬರೆದುಕೊಂಡಳು. ವೆಬ್‌ಸೈಟಿನಲ್ಲಿ ಹೀಗೆ ಬಂತು:

"ಸಾವನ್ನು ಒಂದು ದಿನ ಮುಂಚೆ ಹೇಳುವ ಹಂಡೆ! ಈ ಹಂಡೆಯಲ್ಲಿ ಬೆಂದ ಅನ್ನ ಉಣ್ಣದ ಮನೆ ಈ ಸೀಮೆಯಲ್ಲಿಲ್ಲ. ನೀವು ಇನ್ನೂ ಉಂಡಿಲ್ಲವಾದರೆ ಮುಂದೆ ಉಣ್ಣುತ್ತೀರಿ. ತಿಥಿಗೆ ಹೋದ ಹಂಡೆಯೇ ಮದುವೆಗೂ ಬರುತ್ತದೆ. ಚೆನ್ನಾಗಿ ತೊಳೆದು ಕೊಡುತ್ತೇವೆ. ಈಗಲೇ ಫೋನ್ ಮಾಡಿ, ತಡವಾದರೆ ನಾವು ಜವಾಬ್ದಾರರಲ್ಲ."

ಶೋಭಾ ಓದಿ ಮುಗಿಸಿ ತೋಳು ತೋರಿಸಿದಳು. ಕೂದಲು ನಿಂತಿತ್ತು. "ಮೈ ಜುಂ ಅಂತು ಅತ್ತೆ. ಇದೇ ಬೇಕಾಗಿದ್ದು."

ಪಿಯುಸಿ ಓದಿದವಳೇ ಹಾಗೆಂದ ಮೇಲೆ ನಾನು ಹಿಂದುಮುಂದು ನೋಡಲಿಲ್ಲ. ತಿಥಿಗೆ ಹೋದ ಪಾತ್ರೆಯೇ ಮದುವೆಗೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೇಳುವವರೂ ಕೇಳುವುದಿಲ್ಲ, ಹೇಳುವವರೂ ಹೇಳುವುದಿಲ್ಲ. ಈ ಕಸುಬು ಇಷ್ಟು ಕಾಲ ನಡೆದದ್ದೇ ಆ ಮೌನದ ಮೇಲೆ. ಅದನ್ನು ಹಂಡೆಯ ಫೋಟೊ ಸಮೇತ ಮುರಿದವಳು ನಾನು.

ಫೋನು ಬರತೊಡಗಿತು. ಶೋಭಾ ಮೊದಲ ಕರೆಗೆ ದೇವರಿಗೆ ಕೈಮುಗಿದು ಎತ್ತಿದಳು. ನಾಗಮಂಗಲದಿಂದ ಒಬ್ಬ.

"ಮೇಡಂ, ಈ ವಾರ ಹಂಡೆ ಕೂಗ್ತಾ?"

"ಇಲ್ಲ ಸಾರ್. ನಿಮ್ಗೆ ಯಾವ ಫಂಕ್ಷನ್ನಿಗೆ ಬೇಕಿತ್ತು?"

"ಹಂಡೆ ಬ್ಯಾಡ. ನಮ್ಮಾವ ಆಸ್ಪತ್ರೇಲವ್ರೆ. ಈಗ್ಲೇ ರಜಾ ಆಕ್ಲಾ, ಇಲ್ಲ ಮುಂದಿನ್ ವಾರ ಆಕ್ಲಾ ಅಂತ ಕೇಳವ ಅಂತಿದ್ದೆ."

ಹೀಗೇ ಬಂದವು. ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಬಾಡಿಗೆ ಎಷ್ಟು ಎಂದು ಕೇಳಿದವರು ಇಲ್ಲ. ಕೆಲವರು ಏನೂ ಕೇಳದೆ ಸುಮ್ಮನೆ ಉಸಿರಾಡಿ ಇಟ್ಟುಬಿಡುತ್ತಿದ್ದರು.

ಆದರೆ ಒಂದು ಮದುವೆ ಬಂತು. ಕೆ.ಆರ್. ಪೇಟೆ ಕಡೆಯ ಶಿವಲಿಂಗೇಗೌಡ ಎಂಬಾತ ಮನೆಯ ಮುಂದೆಯೇ ಚಪ್ಪರ ಹಾಕಿಸಿ ಮಗನ ಮದುವೆ ಮಾಡುತ್ತಿದ್ದ. ಊರಿಗೆಲ್ಲ ಊಟ. ಅಷ್ಟು ಜನಕ್ಕೆ ಬೇಯಿಸುವ ಹಂಡೆ ಎಲ್ಲೂ ಸಿಗಲಿಲ್ಲವೆಂದು ಬಂದು ನೋಡಿ, ಎಲೆ ಅಡಿಕೆ ಇಟ್ಟು ವೀಳ್ಯ ಕೊಟ್ಟು ಹೋದ. ವೀಳ್ಯ ಕೊಟ್ಟರೆ ಮಾತು ಮುಗಿದ ಹಾಗೆ. ಅವನು ಫೋಟೊ ಮಾತ್ರ ನೋಡಿದ್ದ, ಓದಿರಲಿಲ್ಲ. ಒಳ್ಳೆಯ ಗಿರಾಕಿ ಎಂದರೆ ಅಂಥವನು.

ಶೋಭಾ ಆ ವೀಳ್ಯವನ್ನು ದೇವರ ಮುಂದಿಟ್ಟಳು. ನಂಜುಂಡ ಗುಜರಿಯವನಿಗೆ ಬರಬೇಡ ಎಂದು ಹೇಳಿದ. ನಾನು ಅವತ್ತು ಒಂದು ಲೋಟ ಕಾಫಿ ಹೆಚ್ಚಾಗಿ ಕುಡಿದೆ. ನನ್ನ ಬರವಣಿಗೆಯಿಂದ ಒಂದು ಅಂಗಡಿ ಉಳಿಯಿತಲ್ಲ!

ಆ ಗರ್ವ ಅರಕೆರೆಯವರೆಗೆ ಇತ್ತು.

ಅರಕೆರೆಗೆ ನಾಮಕರಣದ ಕುರ್ಚಿ ಕೊಡಲು ನಂಜುಂಡನ ಜೊತೆ ನಾನೂ ಹೋಗಿದ್ದೆ. ಬರುವಾಗ ಒಂದು ಬೀದಿಯ ನಡುವೆ ಟೆಂಪೋದ ಟೈರು ಕೂತಿತು. ಟೆಂಪೋದ ಮೈಮೇಲೆ ನಮ್ಮ ಅಂಗಡಿಯ ಹೆಸರಿದೆ. ಪಕ್ಕದಲ್ಲಿ ಶೋಭಾ ಹೊಸದಾಗಿ ಬರೆಸಿದ ಹಂಡೆಯ ಚಿತ್ರ ಬೇರೆ. ಬೀದಿಯಲ್ಲಿ ಹುಣಸೇಹಣ್ಣು ಕುಟ್ಟುತ್ತಿದ್ದ ಸದ್ದು ನಿಂತಿತು. ಯಾರ ಮನೆಯಲ್ಲೋ ಟಿವಿ ಆರಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು, ಮಳೆ ಬರುವ ಮುಂಚೆ ಮುಚ್ಚುವ ಹಾಗೆ. ಆಕಾಶದಲ್ಲಿ ಮೋಡವೇ ಇರಲಿಲ್ಲ. ನಾವು ನಿಂತ ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಮಾತ್ರ ಉಳಿದಳು. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು.

"ನಂಗಾ?" ಎಂದಳು.

"ಅಲ್ಲ ಕಣವ್ವ, ಟೈರಿಗೆ" ಎಂದೆ.

ಅವಳು ನಂಬಲಿಲ್ಲ. ಎದ್ದು ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದು ಮತ್ತೆ ಕೂತಳು.

ಅಷ್ಟರಲ್ಲಿ ಅವಳ ಮಗ ಬಂದ. "ಯಾಕ್ಲಾ ನಮ್ಮನೆ ಮುಂದೆ ನಿಲ್ಸಿದೀಯೆ?"

"ಪಂಚರ್ ಕಣಣ್ಣ. ಸ್ಟೆಪ್ನಿ ಆಕತೀನಿ, ಒಂದ್ಗಳಿಗೆ ತಡ್ಕೊ."

"ಒಂದ್ಗಳಿಗೇಲಿ ಏನ್ ಬೇಕಾರೂ ಆಯ್ತದೆ. ತಳ್ಳಲಾ ಮುಂದಕ್ಕೆ."

ಬೀದಿಯ ಗಂಡಸರೆಲ್ಲ ಬಂದು ತಳ್ಳಿದರು. ಹೆಣ ಹೊರುವಾಗ ಹೆಗಲು ಕೊಡುವ ಹಾಗೆ ಕೊಟ್ಟರು. ಮುಂದಿನ ಬೀದಿಯವರು ಮೂಲೆಯಲ್ಲೇ ಕಾಯುತ್ತಿದ್ದರು. ಅವರು ಅದರ ಮುಂದಿನ ಬೀದಿಗೆ ತಳ್ಳಿದರು. ಹೀಗೆ ಊರು ದಾಟಿ ನಾಲೆಯ ಏರಿಯ ಮೇಲೆ ನಮ್ಮನ್ನು ಬಿಟ್ಟು, ಕಾಲು ತೊಳೆದುಕೊಂಡು ಹೋದರು. ನಾನು ಟೆಂಪೋದೊಳಗೇ ಕೂತಿದ್ದೆ.

ನಂಜುಂಡ ಟೈರು ಬಿಚ್ಚುತ್ತ, ತಲೆ ಎತ್ತದೆ ಹೇಳಿದ: "ಅವ್ವ, ನಿನ್ ಕಥೆ ಚೆಂದಾಗೈತೆ."

ಮನೆಗೆ ಬಂದರೆ ಅಲ್ಲಿ ಶಿವಲಿಂಗೇಗೌಡ ಕೂತಿದ್ದ. ಹೆಣ್ಣಿನ ಕಡೆಯವರು ಯಾರೋ ವೆಬ್‌ಸೈಟು ಓದಿದ್ದರು. ತಿಥಿಯ ಹಂಡೆಯಲ್ಲಿ ಬೆಂದ ಅನ್ನವನ್ನು ನಮ್ಮ ಹುಡುಗಿಯ ಧಾರೆಗೆ ಬಡಿಸುತ್ತೀರಾ ಎಂದು ಕೇಳಿದ್ದರು.

"ತಪ್ಪು ತಿಳೀಬ್ಯಾಡಿ ಕಣವ್ವ. ವೀಳ್ಯ ವಾಪಸ್ ಕೊಟ್ಬುಡಿ" ಎಂದ.

ಶೋಭಾ ದೇವರ ಮುಂದಿನಿಂದ ವೀಳ್ಯ ತಂದಳು. ಎಲೆ ಬಾಡಿತ್ತು. ಕೊಟ್ಟಳು. ಆಮೇಲೆ ಅಂಗಡಿಯ ಕುರ್ಚಿಯಲ್ಲಿ ಕೂರದೆ, ಪಕ್ಕದಲ್ಲಿ ನಿಂತುಕೊಂಡಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ.

ಕೆಲವು ದಿನ ಕಳೆದು ಮಧ್ಯಾಹ್ನದ ಬಸ್ಸಿನಿಂದ ಒಬ್ಬ ಮುದುಕ ಇಳಿದ. ಬಿಳಿ ಪಂಚೆ, ಕೈಯಲ್ಲಿ ದೊಣ್ಣೆ, ಒಬ್ಬನೇ. ಶಿವಲಿಂಗೇಗೌಡನ ಅಪ್ಪ ಕರೀಗೌಡ ಎಂದ. ಮದುಮಗನಿಗೆ ತಾತ. ನೀರು ಕೇಳಿ ಕುಡಿದ.

"ಎಲ್ಲೈತೆ ಅದು?" ಎಂದ.

ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಕೊಳ್ಳುವ ಎತ್ತನ್ನು ನೋಡುವ ಹಾಗೆ ಹಂಡೆಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಬಗ್ಗಿ ಅದರ ಹೊಟ್ಟೆಗೆ ಕಿವಿ ಇಟ್ಟ. ಬಹಳ ಹೊತ್ತು ಹಾಗೇ ಇದ್ದ. ಹಸು ಮೇಯುವುದನ್ನು ನಿಲ್ಲಿಸಿತು.

"ಏನ್ ಕೇಳ್ತದೆ ಗೌಡ್ರೆ?"

"ನನ್ ರಕ್ತನೇ ಕೇಳ್ತದೆ." ನೆಟ್ಟಗಾದ. "ಈ ಹಂಡೆ ನಂಗೆ ಬೇಕು ಕಣವ್ವ. ಮನೇಲಿ ದೊಡ್ಡೋನು ನಾನೇ. ಓದ್ರೆ ಮೊದ್ಲು ಓಗ್ಬೇಕಾದೋನು ನಾನು. ಮದ್ವೆಗೆ ಮುಂಚೆ ನಾನ್ ಓದ್ರೆ ಸೂತಕ, ಮದ್ವೆ ನಿಂತೋಯ್ತದೆ. ಬೇಸಾಯ ಮಾಡೋ ಹುಡುಗನ್ಗೆ ಈಗ ಯಾರವ್ವ ಹೆಣ್ಣು ಕೊಡ್ತಾರೆ? ಈ ಹೆಣ್ಣು ಒಪ್ಕಳೋವರ್ಗೂ ನಾವು ಹತ್ತದ ಮನೆ ಇಲ್ಲ. ಇದು ತಪ್ಪೋದ್ರೆ ನನ್ ಮೊಮ್ಮಗ ಇಂಗೇ ಉಳ್ಕತಾನೆ."

"ಅದ್ಕೆ ಹಂಡೆ ಯಾಕೆ ಗೌಡ್ರೆ?"

"ಅದು ಕೂಗುದ್ರೆ ನಂಗೆ ಫೋನ್ ಮಾಡು. ಆ ಗಳಿಗೇಲೇ ತಾಳಿ ಕಟ್ಟುಸ್ಬುಟ್ಟು, ಆಮೇಲೆ ಸಾಯ್ತೀನಿ."

"ಬೀಗರು ಬ್ಯಾಡ ಅಂದವ್ರಲ್ಲ?"

"ನಾನೇ ಓಗಿ ಕೇಳ್ದೆ. ನಿಮ್ಮೂರ ಮಂಟಪದ ಪಾತ್ರೆ ಯಾವತ್ತೂ ತಿಥಿ ನೋಡಿಲ್ಲ ಅಂತ ಬಸಪ್ಪನ್ ಗುಡೀಲಿ ದೀಪ ಆರ್ಸಿ ಆಣೆ ಮಾಡಿ ಅಂದೆ. ಆಣೆ ಮಾಡೋಕೆ ಯಾರೂ ಮುಂದೆ ಬರ್ಲಿಲ್ಲ, ಹಂಡೆ ಬರ್ಲಿ ಅಂದ್ರು."

ಎರಡು ವೀಳ್ಯ ತೆಗೆದ. ಒಂದನ್ನು ಶೋಭಾಳ ಕೈಗೆ ಕೊಟ್ಟ. "ಇದು ಮದ್ವೆಗೆ ಕಣ್ ಮಗ." ಇನ್ನೊಂದನ್ನು ನನ್ನ ಕೈಗಿಟ್ಟ. "ಇದು ನನ್ ತಿಥಿಗೆ. ದಿನ ಆಮೇಲೆ ಹೇಳುಸ್ತೀನಿ."

ನಗಲಿಲ್ಲ. ಬಸ್ಸು ಬಂತು, ಹತ್ತಿ ಹೋದ. ಶೋಭಾ ಮತ್ತೆ ಕುರ್ಚಿಯಲ್ಲಿ ಕೂತಳು. ಅಂಗಡಿ ಉಳಿಯುವುದೂ, ಒಬ್ಬ ಹುಡುಗನ ಮದುವೆ ಆಗುವುದೂ ಈಗ ಒಂದು ಹಂಡೆಯ ಬಾಯಲ್ಲಿತ್ತು. ಅದರ ಬಾಯಿ ಕಾಯುವ ಕೆಲಸ ನನ್ನದು.

ಪ್ರತಿ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ಕೂತೆ. ಹಂಡೆ ಸುಮ್ಮನಿತ್ತು. ಹಲ್ಲಿ ಲೊಚಗುಟ್ಟಿದರೂ ಫೋನು ಹಿಡಿದು ಏಳುತ್ತಿದ್ದೆ. ಕೊನೆಗೆ, ನಾಳೆ ಬೆಳಿಗ್ಗೆ ಧಾರೆ ಎನ್ನುವ ದಿನ ಬಂತು. ಕುರ್ಚಿ, ಶಾಮಿಯಾನವೆಲ್ಲ ಆಗಲೇ ಹೋಗಿತ್ತು. ಹಂಡೆಯನ್ನು ಮಾತ್ರ ಕೋಳಿ ಕೂಗುವ ಮುಂಚೆ ಸಾಗಿಸುವುದೆಂದು ಆಗಿತ್ತು. ಆ ಸಂಜೆ ಶೋಭಾ ಒಳಗೆ ದೀಪ ಹಚ್ಚಲು ಹೋದಳು. ನಂಜುಂಡ ಡೀಸೆಲ್ಲಿಗೆ ಹೋಗಿದ್ದ.

ಹಸು ಮೇಯುವುದನ್ನು ನಿಲ್ಲಿಸಿತು.

ಗುಂಯ್.

ಮೊದಲು ನೆಲಕ್ಕೆ ಬಂತು, ಆಮೇಲೆ ನನ್ನ ಹಿಮ್ಮಡಿಗೆ, ಆಮೇಲೆ ಕಿವಿಗೆ. ಫೋನು ಮಡಿಲಲ್ಲೇ ಇತ್ತು. ಕರೀಗೌಡರ ನಂಬರು ಮೊದಲಿಗೇ ಬರುವಂತೆ ಶೋಭಾ ಮಾಡಿಕೊಟ್ಟಿದ್ದಳು. ಫೋನ್ ಮಾಡಿದರೆ ಅವರು ಕತ್ತಲಲ್ಲೇ ತಾಳಿ ಕಟ್ಟಿಸಲು ಏಳುತ್ತಾರೆ, ಹೆಣ್ಣಿನ ಕಡೆಯವರು ಹೆದರಿ ಓಡುತ್ತಾರೆ, ಹಂಡೆ ಗುಜರಿಗೆ ಹೋಗುತ್ತದೆ. ಮಾಡದಿದ್ದರೆ, ಬೆಳಗಾಗುವಷ್ಟರಲ್ಲಿ ಗೌಡರು ಹೋದರೆ, ಸೂತಕ. ನಾಲ್ಕು ತಾಲ್ಲೂಕಿಗೆ ಬಾಯಿ ಬಿಟ್ಟವಳಿಗೆ, ಬಾಯಿ ಬಿಡಲೇಬೇಕಾದ ಹೊತ್ತಿನಲ್ಲಿ ಬಾಯಿ ಕಟ್ಟಿತು. ಎದ್ದು ಹೋಗಿ ಹಂಡೆಯನ್ನು ಎರಡು ಕೈಯಲ್ಲೂ ಬಾಚಿ ತಬ್ಬಿಕೊಂಡೆ. ಅದು ನನ್ನ ಪಕ್ಕೆಲುಬಿನೊಳಗೆ ಕೂಗಿತು. ಆಮೇಲೆ ನಿಂತಿತು.

ಶೋಭಾ ಬಾಗಿಲಲ್ಲಿ ನಿಂತಿದ್ದಳು. "ಏನತ್ತೆ, ಹಂಡೆ ತಬ್ಕೊಂಡಿದೀರಿ? ಏನೋ ಸದ್ದಾಯ್ತಾ?"

"ನಿಂಗೆ ಕೇಳುಸ್ತಾ?"

"ಇಲ್ಲ."

"ಏನಿಲ್ಲ, ಕಲಾಯಿ ಎಂಗೈತೆ ಅಂತ ನೋಡ್ತಿದ್ದೆ."

"ಕಲಾಯಿ ಇರೋದು ಒಳಗಲ್ವಾ?"

ಬೆಳಗಿನ ಜಾವ ಟೆಂಪೋ ಹೊರಟಾಗ ನಾನೂ ಹತ್ತಿದೆ. ಇಷ್ಟು ವರ್ಷದಲ್ಲಿ ಪಾತ್ರೆಯ ಜೊತೆ ಮದುವೆಗೆ ಹೋದದ್ದು ಅದೇ ಮೊದಲು. ಕರೀಗೌಡರು ಚಪ್ಪರದಡಿ ಹೊಸ ಪಂಚೆಯುಟ್ಟು ಕೂತಿದ್ದರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಮೊದಲು ನೋಡಿದೆ. ಆಮೇಲೆ ಅವರ ನೆರಳಾದೆ. ಎದ್ದರೆ ಎದ್ದೆ, ಕೂತರೆ ಕೂತೆ. ಕೆಮ್ಮಿದರೆ ನೀರು ಹಿಡಿದು ನಿಂತೆ. ಈ ಹೆಂಗಸು ಯಾರು, ನಮ್ಮ ತಾತನಿಗೆ ಏನಾಗಬೇಕು ಎಂದು ನೆಂಟರು ಗುಸುಗುಸು ಮಾಡಿದರು. ಗೌರವದಿಂದ ಬಾಳಿದವಳು ಈ ವಯಸ್ಸಿನಲ್ಲಿ ಅದನ್ನೂ ಕೇಳಿಸಿಕೊಂಡೆ.

ಧಾರೆ ಆಯಿತು. ತಾಳಿ ಕಟ್ಟಿದರು. ನಮ್ಮ ಹಂಡೆಯ ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು. ಹೆಣ್ಣಿನ ಕಡೆಯವರೇ ಮತ್ತೆ ಮತ್ತೆ ಹಾಕಿಸಿಕೊಂಡರು. ಇಬ್ಬರು ಶೋಭಾಳ ನಂಬರು ಬರೆದುಕೊಂಡರು. ಕರೀಗೌಡರು ಉಂಡು ಕೈತೊಳೆದು, ಎಲೆಗೆ ಸುಣ್ಣ ಹಚ್ಚುತ್ತ ನನ್ನ ಪಕ್ಕ ಬಂದು ಕೂತರು.

"ಕೂಗ್ತಾ?" ಎಂದರು.

ತಾಳಿ ಆಗಿಹೋಗಿತ್ತು. ಇನ್ನು ಮುಚ್ಚಿಡುವುದೇನು. "ಕೂಗ್ತು ಗೌಡ್ರೆ. ನೆನ್ನೆ ಸಂಜೆ. ಏಳ್ಲಿಲ್ಲ, ತಪ್ಪಾಯ್ತು."

ಅವರು ಹೆದರಲಿಲ್ಲ. ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು.

"ಯಾರ್ ಯಾರ್ಗೆ ಕೇಳುಸ್ತು?"

"ನಂಗೊಬ್ಳಿಗೇ."

"ಹಂಡೆ ಇದ್ದದ್ದು ನಿಮ್ಮನೇಲಿ. ಕೇಳ್ಸಿದ್ದು ನಿಂಗೆ." ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ನಿಂಗೆಷ್ಟವ್ವ ವಯಸ್ಸು?"

ಇಷ್ಟು ದಿನ ಯಾರ ಊರು, ಯಾರ ಬೀದಿ, ಯಾರ ಮನೆ ಎಂದು ಎಣಿಸಿದ್ದೆ. ಒಂದೇ ಒಂದು ಮನೆ ಎಣಿಕೆಗೆ ಬಂದಿರಲಿಲ್ಲ.

ಹಿಂದಕ್ಕೆ ಬರುವಾಗ ಟೆಂಪೋದಲ್ಲಿ ಹಂಡೆ ನನ್ನ ಬೆನ್ನಿಗಿತ್ತು. ಬೆಂಕಿಯಿಂದ ಇಳಿದ ಬಿಸಿ ಇನ್ನೂ ಆರಿರಲಿಲ್ಲ, ಯಾರೋ ಮೈಗೆ ಒತ್ತಿಕೊಂಡು ಕೂತ ಹಾಗೆ. ಪ್ರತಿ ಹಳ್ಳಕ್ಕೂ "ನಿಧಾನ ಕಣ್ಲಾ" ಎಂದೆ. ಸಾವಿನ ಸುದ್ದಿ ಬಂತೇ ಎಂದು ಎಲ್ಲರನ್ನೂ ಕೇಳಿದೆ. ಪಾಂಡವಪುರದಲ್ಲಿ ಇಲ್ಲ, ಅರಕೆರೆಯಲ್ಲಿ ಇಲ್ಲ, ಎಲ್ಲೂ ಇಲ್ಲ. ಯಾರಾದರೂ ಒಬ್ಬರು ಹೋಗಬಾರದಿತ್ತೇ ಎನಿಸಿತು. ಇಂಥ ಮಾತನ್ನು ಬೇರೆಯವರು ಆಡಿದ್ದರೆ ಬೈಯುತ್ತಿದ್ದೆ.

ಮನೆಯಲ್ಲಿ ಶೋಭಾ ಕುಣಿಯುವುದೊಂದು ಬಾಕಿ. ನಂಜುಂಡ ಗುಜರಿಯ ಮಾತೇ ಎತ್ತಲಿಲ್ಲ. "ಅತ್ತೆ, ವೆಬ್‌ಸೈಟಿಗೆ ಇನ್ನೊಂದು ಕಥೆ ಏಳಿ" ಎಂದಳು.

"ನಿಂದು ಮೊದಲ್ನೇದು ಇತ್ತಲ್ಲ, ಅದನ್ನೇ ಆಕು."

"ಯಾವ್ದು?"

"ಗುಣಮಟ್ಟದ ಪಾತ್ರೆಗಳು ಸ್ಪರ್ಧಾತ್ಮಕ ದರದಲ್ಲಿ. ಅದೇ ಚೆಂದ. ಯಾರ್ಗೂ ಭಯ ಆಗಲ್ಲ."

ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟೆ. ಮೊದಲು ಕಾಲಿನ ಹೆಬ್ಬೆರಳು ಆಡಿಸಿ ನೋಡಿದೆ. ಆಡಿತು. ಎದ್ದು, ಮುಖವನ್ನೂ ತೊಳೆಯದೆ ಕೊಟ್ಟಿಗೆಗೆ ಹೋಗಿ, ಹಸುವಿನ ಮುಂದಿದ್ದ ಹುಲ್ಲನ್ನೆಲ್ಲ ಎಳೆದು ಹಂಡೆಯೊಳಗೆ ತುರುಕಿದೆ. ಕಾಲಿಟ್ಟು ತುಳಿದು, ಮತ್ತೆ ತುರುಕಿದೆ. ಹೊಟ್ಟೆ ತುಂಬಿದ ಹಂಡೆ ಕೂಗುವುದಿಲ್ಲ ಎಂದು ನನಗೆ ಯಾರೂ ಹೇಳಿಲ್ಲ, ನಾನೇ ನಂಬಿಕೊಂಡೆ. ಹಸು ನನ್ನನ್ನೇ ನೋಡುತ್ತಿತ್ತು. ಅದರ ಬಾಯಿಯ ಹುಲ್ಲನ್ನೂ ಕಿತ್ತುಕೊಂಡು ಹಾಕಿದೆ.